ನೀರಿನ ಹಗೇವು

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಗೇವು ಎಂಬುದೊಂದಿತ್ತು. ನೆಲದೊಳಗೆ ತೋಡಿದ ಕಣಜವದು. ಬಾಯಿ ಕಿರಿದು, ಒಡಲು ಹಿರಿದು. ಚೆನ್ನಾಗಿ ಒಣಗಿದ ರಾಗಿಯನ್ನು ಅದರಲ್ಲಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಊರು ಅದರಿಂದಲೇ ಉಂಡು ಬದುಕುತ್ತಿತ್ತು. ತೆರೆಯುವಾಗಲೂ ಅವಸರ ಕೂಡದು. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಲೆಂದು ಕಾದು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು.

ಇಂದಿನ ನಗರದ ಮಕ್ಕಳಿಗೆ ಈ ಪದವೇ ಅಪರಿಚಿತ. ಆದರೆ ರಾಗಿಗೆ ನಮ್ಮ ಹಿರಿಯರು ಮಾಡಿದ ಉಪಾಯವನ್ನೇ ಇಂದು ಜಗತ್ತಿನ ಜಲವಿಜ್ಞಾನಿಗಳು ನೀರಿಗೆ ಮಾಡುತ್ತಿದ್ದಾರೆ. ನೀರು ಹೇರಳವಾಗಿರುವಾಗ ಅದನ್ನು ನೆಲದೊಳಗೆ ಇಳಿಸುವುದು, ಬರ ಬಂದಾಗ ಮೇಲೆತ್ತುವುದು. ಇದರ ಲಾಭ ಸುಲಭವಾಗಿ ತಿಳಿಯುವಂಥದು. ನೆಲದ ಕೆಳಗಿನ ನೀರನ್ನು ಬಿಸಿಲು ಹೀರದು. ಅದರ ಮೇಲೆ ಹೂಳು ತುಂಬದು. ಅದಕ್ಕಾಗಿ ಒಂದು ಊರನ್ನೂ ಮುಳುಗಿಸಬೇಕಾಗಿಲ್ಲ.

ಆದರೆ ಎಲ್ಲ ನೆಲದ ಒಡಲೂ ಒಂದೇ ಅಳತೆಯದಲ್ಲ. ಮರಳು ನೆಲ ಉದಾರಿ. ನಮ್ಮ ಮೈಸೂರು ಸೀಮೆಯ ಗಟ್ಟಿಕಲ್ಲು ಜಿಪುಣ. ಶಿಥಿಲಗೊಂಡ ಮೇಲ್ಪದರದಲ್ಲಿ, ನೂರು ಪಾಲು ಕಲ್ಲುಮಣ್ಣಿನಿಂದ ನಮ್ಮ ಕೈಗೆ ಬರುವ ನೀರು ಸುಮಾರಾಗಿ ಎರಡು ಮೂರು ಪಾಲು. ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಇರುವುದು ಇನ್ನೂ ಕಡಿಮೆ. ತೆರೆದ ಬಾವಿಗಳ ಕಾಲದಲ್ಲಿ ನಾವು ಮೇಲಿನ ಪದರದ ನೀರನ್ನು ಸೇದಿ ಕುಡಿದೆವು. ಅದನ್ನು ಕೆರೆಗಳು ಮತ್ತೆ ತುಂಬುತ್ತಿದ್ದವು. ಕೊಳವೆಬಾವಿ ಬಂದಮೇಲೆ ಬಿರುಕುಗಳಿಗೂ ಕೈಹಾಕಿದೆವು. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ಧೂಳೇ ಬಂದ ಕಥೆಗಳಿಗೆ ಲೆಕ್ಕವಿಲ್ಲ. ಅಂತರಗಂಗೆಯೆಂಬ ಚಿಲುಮೆ ಬೆಟ್ಟದ ಮೇಲೆ ಹರಿಯುವ ಊರಿಗೇ ಈ ಗತಿ!

ಆ ಕೋಲಾರದಲ್ಲಿಯೇ ನಮ್ಮ ನಾಡಿನ ಅತಿ ದೊಡ್ಡ ಪ್ರಯೋಗ ನಡೆಯಿತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ, ದಿನಕ್ಕೆ ೪೪ ಕೋಟಿ ಲೀಟರಿನ ಗುರಿಯಿಟ್ಟು, ಕೊಳವೆಗಳಲ್ಲಿ ಒಯ್ದು ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬುವ ಯೋಜನೆ. ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ಬಾವಿಗಳನ್ನು ಎಚ್ಚರಿಸಬೇಕೆಂಬುದು ಉದ್ದೇಶ. ಕೆರೆಗಳ ಸುತ್ತ ಅಂತರ್ಜಲ ಏರಿದುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ದಾಖಲಿಸಿದರು. ಬತ್ತಿದ ಬಾವಿಯಲ್ಲಿ ಮತ್ತೆ ನೀರು ಕಂಡ ರೈತನ ಸಂತೋಷವನ್ನು ಯಾರೂ ಹಗುರಾಗಿ ಎಣಿಸಲಾಗದು.

ಆದರೂ ಬೇಗನೆ ನೀರಿನ ಮೇಲೆ ನೊರೆ ಕಂಡಿತು. ವಿಷಯ ಉಚ್ಚ ನ್ಯಾಯಾಲಯಕ್ಕೂ ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆಕ್ಷೇಪಿಸಿದವರ ಪ್ರಶ್ನೆ ಸರಳವಾಗಿತ್ತು: ಎರಡು ಹಂತದ ಸಂಸ್ಕರಣ ಸಾಕೇ, ಮೂರನೆಯದು ಬೇಡವೇ? ಹಗೇವಿಗೆ ಹಸಿ ರಾಗಿ ಸುರಿದರೆ ಆಗುವುದೇನೆಂದು ಬಲ್ಲವರಿಗೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ಕೆಟ್ಟ ರಾಗಿಯನ್ನಾದರೂ ತೆಗೆದು ಚೆಲ್ಲಬಹುದು. ಬಂಡೆಯ ಬಿರುಕಿಗಿಳಿದ ಕಲ್ಮಷವನ್ನು ತೊಳೆಯುವ ಕೈ ಯಾವುದು?

ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯವರೂ ಕೊಳಚೆನೀರನ್ನೇ ನೆಲಕ್ಕಿಳಿಸುತ್ತಾರೆ. ಆದರೆ ೨೦೦೮ರಿಂದ ಅವರು ಅದನ್ನು ಸೂಕ್ಷ್ಮವಾಗಿ ಸೋಸಿ, ಪೊರೆಗಳ ಮೂಲಕ ಒತ್ತಿ ಹಾಯಿಸಿ, ನೇರಳಾತೀತ ಕಿರಣಗಳಿಗೊಡ್ಡಿ, ಆಮೇಲೆ ಒಳಗೆ ಬಿಡುತ್ತಾರೆ. ಅರಿಜೋನದಲ್ಲಿ ೧೯೯೬ರಿಂದ ನೀರಿನದೇ ಒಂದು ಬ್ಯಾಂಕುಂಟು. ಎಷ್ಟು ಇಳಿಸಿದರು, ಎಷ್ಟು ಎತ್ತುವ ಹಕ್ಕಿದೆ ಎಂಬುದಕ್ಕೆ ಲೆಕ್ಕವಿದೆ. ಶುದ್ಧಿ ಮತ್ತು ಲೆಕ್ಕ, ಇವೆರಡೂ ಹಗೇವಿನ ಹಳೆಯ ಧರ್ಮಗಳೇ.

ಈಗ ನಮ್ಮ ತಾಂಡವಪುರದ ಕಡೆಗೆ ಬರೋಣ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲಿನಲ್ಲಿ ಸಿಗುವ ಊರದು. ಒಂದು ಕಡೆ ಹೊಲಗದ್ದೆ, ಇನ್ನೊಂದು ಕಡೆ ಕಾರ್ಖಾನೆಗಳು, ತುಸು ದೂರದಲ್ಲಿ ಕಪಿಲಾ ನದಿ. ನದಿಯ ನೆರೆಯವರಿಗೆ ಹಗೇವೇಕೆ ಎನ್ನಬಹುದು. ಆದರೆ ಆ ನದಿಯ ಪ್ರಯಾಣವನ್ನು ಕೊಂಚ ಹಿಂಬಾಲಿಸಿ ನೋಡಿ. ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗೆ, ಶಿವನಸಮುದ್ರದ ಆಸುಪಾಸಿನಿಂದ ಕಾವೇರಿಯ ನೀರು ಯಂತ್ರಬಲದಿಂದ ಬೆಂಗಳೂರಿಗೆ ಏರುತ್ತದೆ. ಅಲ್ಲಿ ಬಳಕೆಯಾಗಿ ಕೊಳಚೆಯಾಗುತ್ತದೆ. ಸಂಸ್ಕರಿಸಲ್ಪಟ್ಟು ಕೋಲಾರದ ಕೆರೆಗಿಳಿಯುತ್ತದೆ. ಇಂದು ತಾಂಡವಪುರದ ಪಕ್ಕದಲ್ಲಿ ಹರಿದ ಹನಿಯೊಂದನ್ನು ಮುಂದೊಂದು ದಿನ ಕೋಲಾರದ ಕೊಳವೆಬಾವಿ ಮೇಲೆತ್ತಿದರೆ ಆಶ್ಚರ್ಯವಿಲ್ಲ. ಇಷ್ಟು ಜನ ಕಾದಿರುವ ನದಿಯನ್ನು ನಾವೊಬ್ಬರೇ ನಂಬಿ ಕೂರಲಾದೀತೆ? ನದಿಯಿಂದ ದೂರ ಸರಿದರೆ ನಮ್ಮ ಕಾಲಕೆಳಗೂ ಅದೇ ಜಿಪುಣ ಬಂಡೆ.

ಮನೆಯ ಲೆಕ್ಕವನ್ನೂ ಮಾಡಿ ನೋಡೋಣ. ವರ್ಷಕ್ಕೆ ೮೦೦ ಮಿಲಿಮೀಟರ್ ಮಳೆ ಬೀಳುವಲ್ಲಿ ಸಾವಿರ ಚದರಡಿಯ ಮಾಳಿಗೆಯ ಮೇಲೆ ಬೀಳುವ ನೀರು ಸುಮಾರು ೭೪ ಸಾವಿರ ಲೀಟರು. ನೂರಕ್ಕೆ ಎರಡು ಪಾಲು ನೀರು ಕೊಡುವ ನೆಲದಲ್ಲಿ, ಒಂದು ಎಕರೆಯ ಅಂತರ್ಜಲ ಒಂದು ಮೀಟರು ಏರಲು ಬೇಕಾದುದು ಸುಮಾರು ೮೦ ಸಾವಿರ ಲೀಟರು. ಎಂದರೆ ಒಂದು ಸಾಧಾರಣ ಮನೆಯ ಮಾಳಿಗೆ ಒಂದು ಎಕರೆಯ ಬಾಯಾರಿಕೆಗೆ ಹೆಚ್ಚುಕಡಿಮೆ ಸಮ. ಎಲ್ಲ ನೀರೂ ಇಂಗದು, ನಿಜ. ಕೆಲವಂಶ ಆವಿಯಾಗುತ್ತದೆ, ಕೆಲವಂಶ ಪಕ್ಕಕ್ಕೆ ಸರಿಯುತ್ತದೆ. ಆದರೆ ಪಕ್ಕಕ್ಕೆ ಸರಿದದ್ದು ನೆರೆಯವನ ಬಾವಿಗೆ ತಾನೆ?

ತೊಡಕಿರುವುದೂ ಅಲ್ಲಿಯೇ. ರಾಗಿಯ ಹಗೇವಿಗೆ ಒಡೆಯನಿದ್ದ. ನೀರಿನ ಹಗೇವಿಗೆ ಗೋಡೆಯಿಲ್ಲ. ಒಬ್ಬನು ಇಳಿಸಿದ್ದನ್ನು ಇನ್ನೊಬ್ಬನ ಪಂಪು ಎಳೆಯಬಹುದು. ಒಬ್ಬನು ಸುರಿದ ವಿಷವನ್ನು ಇಡೀ ಊರು ಕುಡಿಯಬೇಕಾಗಬಹುದು. ಕಾರ್ಖಾನೆ, ಗದ್ದೆ, ಮನೆ ಮೂರೂ ಒಂದೇ ಬಂಡೆಯ ಮೇಲಿರುವ ಊರಿನಲ್ಲಿ ಮೂವರೂ ಒಂದೇ ಲೆಕ್ಕದ ಪುಸ್ತಕಕ್ಕೆ ಒಪ್ಪಬೇಕು. ಮಳೆ ಬರುವ ಮುನ್ನ ಮಾಳಿಗೆ ಗುಡಿಸಿ, ಕೊಳವೆ ಜೋಡಿಸಿ, ಜಲ್ಲಿ ಮರಳು ತುಂಬಿದ ಇಂಗುಗುಂಡಿಯೊಂದನ್ನು ಸಿದ್ಧಪಡಿಸುವುದು ಗೃಹಸ್ಥರು ಮಾಡಬಹುದಾದ ಕೆಲಸ. ಮೊದಲ ಮಳೆಯ ಕೊಳೆನೀರನ್ನು ಮಾತ್ರ ಹೊರಗೆ ಬಿಟ್ಟುಬಿಡಿ. ಹಗೇವಿಗೆ ಹಾಕುವ ಮುನ್ನ ರಾಗಿಯನ್ನು ತೂರುತ್ತಿದ್ದರಲ್ಲವೆ?