ಮಂಜು ಕಣ್ಣಿಗೋ, ಟಿವಿಗೋ?

ಊರಿನಿಂದ ಅಪ್ಪ-ಅಮ್ಮ ಆರು ತಿಂಗಳಿಗೆಂದು ಬಂದರೆ ನಮ್ಮ ಬೆಲ್‌ವ್ಯೂ, ಬಾಥೆಲ್, ಸಮ್ಮಾಮಿಷ್ ಮನೆಗಳಲ್ಲಿ ಎರಡು ಖರೀದಿ ಖಾಯಂ. ಒಂದು ದಪ್ಪ ಸ್ವೆಟರ್, ಇನ್ನೊಂದು ಅವರ ಕೋಣೆಗೆ 32 ಇಂಚಿನ ಅಗ್ಗದ ಟಿವಿ. ಹಾಲ್‌ನ ದೊಡ್ಡ ಟಿವಿ ಮಕ್ಕಳ ಸ್ವತ್ತು, ಬಿಡಿ. ಎರಡು ವಾರದಲ್ಲಿ ಯಾರಾದರೊಬ್ಬರು ಫೋನ್ ಮಾಡುತ್ತಾರೆ: "ಡಾಕ್ಟ್ರೇ, ಅಮ್ಮನಿಗೆ ಕಣ್ಣು ಮಂಜಾಗಿದೆಯಂತೆ." ನಾನು ಕಣ್ಣಿನ ಡಾಕ್ಟರ್ ಅಲ್ಲ. ಆದರೂ ಮೊದಲು ಕೇಳುವುದು, "ಟಿವಿ ಎಲ್ಲಿ ಇಟ್ಟಿದ್ದೀರಿ?"

1987ರಲ್ಲಿ ದೂರದರ್ಶನದ ರಾಮಾಯಣ ನೋಡಿದ ತಲೆಮಾರು ಇದು. ಆಗ ಚಿತ್ರ ಕೆಟ್ಟರೆ ಒಬ್ಬ ಹುಡುಗ ತಾರಸಿ ಹತ್ತಿ ಆಂಟೆನಾ ತಿರುಗಿಸುತ್ತಾ "ಬಂತಾ? ಬಂತಾ?" ಎಂದು ಕೂಗುತ್ತಿದ್ದ. ತಪ್ಪು ಆಂಟೆನಾದ್ದು. ಈಗ ಗೋಡೆಯ ಮೇಲೆ ತೆಳ್ಳಗೆ ಹೊಳೆಯುವ ಟಿವಿ, ಮಗ ಡಾಲರ್ ಕೊಟ್ಟು ತಂದದ್ದು. ಅದರಲ್ಲಿ ದೋಷ ಇದ್ದೀತೆ? ಪಾಪ, ತಮ್ಮ ಕಣ್ಣನ್ನೇ ದೂರುತ್ತಾರೆ.

ದೋಷ ಇದೆ. ಕಂಪನಿಗಳು ಒಳ್ಳೆಯ ಪ್ಯಾನೆಲ್‌ಗಳನ್ನು ಹೆಚ್ಚಾಗಿ ದೊಡ್ಡ ಸೆಟ್‌ಗಳಿಗೇ ಹಾಕುತ್ತವೆ. ಅಗ್ಗದ ಸಣ್ಣ ಸೆಟ್ಟನ್ನು ನೇರ ಎದುರು ಕೂತು ನೋಡಿದರೆ ಪರವಾಗಿಲ್ಲ. ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿ, ಅಮ್ಮ ಮಂಚದ ಮೇಲೆ ಮಲಗಿ ಕೆಳಗಿನಿಂದ ನೋಡಿದರೆ ಕಪ್ಪು ಬೂದಿಯಾಗುತ್ತದೆ, ಮುಖಗಳು ಸುಣ್ಣ ಬಳಿದಂತೆ. ಇನ್ನು ನಮ್ಮ ಸಿಯಾಟಲ್ ಬೇಸಿಗೆ: ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಸೂರ್ಯ ಮುಳುಗಿರುವುದಿಲ್ಲ. ಸಾಯಂಕಾಲದ ಧಾರಾವಾಹಿ ಸಮಯಕ್ಕೆ ಸರಿಯಾಗಿ ಪಶ್ಚಿಮದ ಕಿಟಕಿಯ ಬಿಸಿಲು ಪರದೆಯ ಮೇಲೆ. ವಯಸ್ಸಾದ ಕಣ್ಣಿಗೆ ಮೊದಲೇ ಕಾಂಟ್ರಾಸ್ಟ್ ಗುರುತಿಸುವ ಶಕ್ತಿ ಕಡಿಮೆ.

ಟಿವಿಯನ್ನು ಕಣ್ಣಿನ ಮಟ್ಟಕ್ಕೆ ಇಳಿಸಿ, ಕಿಟಕಿಗೆ ಅಡ್ಡವಾಗಿ ತಿರುಗಿಸಿ. ಸೆಟ್ಟಿಂಗ್ಸ್‌ನಲ್ಲಿ 'ವಿವಿಡ್' ತೆಗೆದು 'ಮೂವಿ' ಹಾಕಿ. ಕೋಣೆಗೆ ಮಬ್ಬೆನಿಸಿದರೆ ಬ್ಯಾಕ್‌ಲೈಟ್ ಏರಿಸಿ. ಶಾರ್ಪ್‌ನೆಸ್ ಇಳಿಸಿ, ಅದು ಹೆಚ್ಚಾದರೆ ಅಕ್ಷರಗಳ ಸುತ್ತ ಬಿಳಿ ಅಂಚು ಬರುತ್ತದೆ, ಅಷ್ಟೇ. 1972ರ 'ಬಂಗಾರದ ಮನುಷ್ಯ'ದ ಹಳೇ ಪ್ರಿಂಟ್‌ನಲ್ಲಿ ಡಾ. ರಾಜ್ ದಪ್ಪಗಾಗಿ ಕಂಡರೆ ಚಿತ್ರವನ್ನು ಅಗಲಕ್ಕೆ ಎಳೆಯಲಾಗಿದೆ. ಅದನ್ನು 4:3ಕ್ಕೆ ಬದಲಿಸಿ. ಆದರೆ ಪ್ರಿಂಟೇ ಮಸುಕಾಗಿದ್ದರೆ ಯಾವ ಗುಂಡಿ ಒತ್ತಿದರೂ ಪ್ರಯೋಜನವಿಲ್ಲ.

ಇಷ್ಟಾದರೂ ಮಂಜು ಎಂದರೆ ಟಿವಿ ಆರಿಸಿಬಿಡಿ. ಕನ್ನಡಕ ಹಾಕಿಕೊಂಡೇ ಒಂದೊಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಲು ಹೇಳಿ. ಎರಡೂ ಕಣ್ಣು ಒಟ್ಟಿಗೆ ಬೇಡ, ಒಳ್ಳೆಯ ಕಣ್ಣು ಕೆಟ್ಟದ್ದರ ಗುಟ್ಟು ಮುಚ್ಚಿಡುತ್ತದೆ. ನೇರ ಗೆರೆ ಡೊಂಕಾಗಿ ಕಂಡರೆ ಅಥವಾ ನಡುವೆ ಕಪ್ಪು ಚುಕ್ಕೆ ಇದ್ದರೆ ಅಕ್ಷಿಪಟದ ತೊಂದರೆ ಇರಬಹುದು, ಒಂದೆರಡು ದಿನದೊಳಗೆ ತೋರಿಸಿ. ಪೊರೆ ಆಪರೇಷನ್ ಆಗಿ ತಿಂಗಳು, ವರ್ಷಗಳ ಮೇಲೆ ಎಲ್ಲವೂ ನಿಧಾನವಾಗಿ ಮಸುಕಾದರೆ ಲೆನ್ಸ್ ಹಿಂದಿನ ತೆಳು ಪೊರೆ ಮಬ್ಬಾಗಿರಬಹುದು. ಅದಕ್ಕೆ ಕೆಲವೇ ನಿಮಿಷಗಳ ಲೇಸರ್ ಸಾಕು.

ಕಷ್ಟವೆಂದರೆ, ಹಿರಿಯರು ಹೇಳುವುದೇ ಇಲ್ಲ. ವಿಸಿಟರ್ ಇನ್ಷೂರೆನ್ಸ್ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದಿಲ್ಲ ಎಂದು ಅವರಿಗೂ ಗೊತ್ತು. "ಊರಿಗೆ ಹೋಗಿ ತೋರಿಸ್ತೀನಿ ಬಿಡು" ಎಂದು ಸುಮ್ಮನಾಗುತ್ತಾರೆ. ಕನ್ನಡಕದ ನಂಬರಾದರೆ ಊರಿಗೇ ಹೋಗಲಿ. ಆದರೆ ಇದ್ದಕ್ಕಿದ್ದಂತೆ ಒಂದು ಕಣ್ಣಿಗೆ ಪರದೆ ಇಳಿದಂತಾಯಿತು, ಮಿಂಚು ಹೊಡೆದಂತಾಯಿತು ಎಂದರೆ ಆ ರಾತ್ರಿಯೇ ಎಮರ್ಜೆನ್ಸಿಗೆ ಹೊರಡಿ. ಇನ್ಷೂರೆನ್ಸ್ ಕಾರ್ಡನ್ನು ಕಾರಿನಲ್ಲಿ ಕೂತು ಹುಡುಕಬಹುದು.