ಸಿಪಾಯಿಯ ಸಂಬಳ

ಕುಂಪಣಿ ಸರಕಾರದ ದಂಡಿನಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಹಣಕ್ಕೆ ‘ಬಟ್ಟಾ’ ಎಂದು ಹೆಸರು. ಈ ಮಾತಿನ ಮೂಲ ನಮ್ಮ ಕನ್ನಡದ ‘ಭತ್ತ’ವೇ ಇರಬಹುದೆಂದು ಆಂಗ್ಲ ನಿಘಂಟುಕಾರರು ಊಹಿಸಿದ್ದಾರೆ. ಊಹೆ ಹೇಗೇ ಇರಲಿ, ಸೈನಿಕನ ಶೌರ್ಯವನ್ನು ಹೊಗಳುವ ನಾವು ಆತನ ಅನ್ನದ ಮಾತನ್ನೂ ಆಡಬೇಕಾದುದು ನ್ಯಾಯ.

ನಮ್ಮ ಧರ್ಮಪುರಿಗೆ ಈ ವಿಷಯದಲ್ಲಿ ಹಳೆಯ ನಂಟೊಂದುಂಟು. 1792ರಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಸೀಮೆ ಕುಂಪಣಿಯ ವಶವಾದಾಗ, ಅಲ್ಲಿನ ಕಂದಾಯದ ಏರ್ಪಾಡಿಗೆ ನೇಮಕವಾದವರು ದಂಡಿನ ಅಧಿಕಾರಿಗಳೇ. ಮೇಲಧಿಕಾರಿ ಅಲೆಗ್ಸಾಂಡರ್ ರೀಡ್. ಸಹಾಯಕರಲ್ಲೊಬ್ಬರು ಥಾಮಸ್ ಮನ್ರೋ. 1780ರಲ್ಲಿ ಮದರಾಸಿಗೆ ಬಂದ ಮನ್ರೋ ಅವರು, ಕಿರಿಯ ಅಧಿಕಾರಿಯಾಗಿ ತಾವು ಪಟ್ಟ ಬಡತನವನ್ನು ಸೋದರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಮೊದಲ ಮೂರು ವರ್ಷ ಪುಸ್ತಕವೋ ತೋಟಾಚೀಲವೋ ಅವರ ತಲೆದಿಂಬಾಗಿತ್ತು. ಕಂದಾಯದ ಬಾಗಿಲು ತೆರೆದಾಗ ಅವರು ಒಳಹೊಕ್ಕರು. 1820ರಲ್ಲಿ ಮದರಾಸಿನ ಗವರ್ನರರಾದರು.

ಸಾಮಾನ್ಯ ಸಿಪಾಯಿಗೆ ಅಂಥ ಬಾಗಿಲಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆತನ ತಿಂಗಳ ಸಂಬಳ 11 ರೂಪಾಯಿ. ಅಷ್ಟಕ್ಕೂ ಆತ ದಂಡಿನಲ್ಲಿ ನಿಂತುದಕ್ಕೆ ಎರಡು ಕಾರಣಗಳು: ಊರಿನಲ್ಲಿ ಮಳೆಯನ್ನೇ ನಂಬಿದ ಬೇಸಾಯ, ಮುಂದೆ ಬರಲಿರುವ ಪಿಂಚಣಿ. ಸ್ವತಂತ್ರ ಭಾರತದಲ್ಲಿಯೂ 15 ವರ್ಷ ಸೇವೆ ಸಲ್ಲಿಸಿದ ಕಾಯಂ ಜವಾನನಿಗೆ ಪಿಂಚಣಿಯುಂಟು. ಅದು ದಾನವಲ್ಲ, ತಡವಾಗಿ ಕೈಸೇರುವ ಸಂಬಳ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಏರ್ಪಾಡನ್ನು ಬದಲಿಸಿತು. ಅದರಂತೆ ಸೇವೆ ನಾಲ್ಕು ವರ್ಷ. ಮೊದಲ ವರ್ಷದ ತಿಂಗಳ ಸಂಬಳ 30,000 ರೂಪಾಯಿ, ಕೈಗೆ ಬರುವುದು 21,000. ನಾಲ್ಕನೆಯ ವರ್ಷ 40,000, ಕೈಗೆ 28,000. ಹಿಡಿದಿಟ್ಟ ಹಣಕ್ಕೆ ಸರಕಾರವೂ ಅಷ್ಟೇ ಸೇರಿಸಿ, ಬಡ್ಡಿಯೊಡನೆ ಕೊನೆಗೆ ಸುಮಾರು 11.71 ಲಕ್ಷ ರೂಪಾಯಿ ಕೊಡುತ್ತದೆ. ಪಿಂಚಣಿಯಿಲ್ಲ, ಗ್ರಾಚುಯಿಟಿಯಿಲ್ಲ. ಕಾಯಂ ಸೇವೆಗೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಅವಕಾಶ. ಜವಾನನು ದಂಡಿನಲ್ಲಿ ಉಳಿಯುವನೋ ಎಂಬುದು ಹಿಂದಿನ ಪ್ರಶ್ನೆ. ದಂಡು ಆತನನ್ನು ಉಳಿಸಿಕೊಳ್ಳುವುದೋ ಎಂಬುದು ಇಂದಿನ ಪ್ರಶ್ನೆ.

ಸೇನೆಗೆ ಎಳೆಯ ವಯಸ್ಸಿನವರು ಬೇಕೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಹಿಂದಿರುಗಿದವರಿಗೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿಯನ್ನು 2022ರಲ್ಲಿಯೇ ಸಾರಲಾಯಿತು. ಆದರೆ ಮೀಸಲಾತಿ ಬೇರೆ, ಖಚಿತವಾದ ಕೆಲಸ ಬೇರೆ.

ಸೇಲಂ, ಧರ್ಮಪುರಿ ಸೀಮೆಯ ನಮ್ಮ ಮನೆಗಳಲ್ಲಿ ಈ ಲೆಕ್ಕ ನಡೆಯಲೇಬೇಕು. ಹದಿನೆಂಟರಲ್ಲಿ ದಂಡಿಗೆ ಸೇರಿದ ಹುಡುಗ ಇಪ್ಪತ್ತೆರಡರಲ್ಲಿ ಹಿಂದಿರುಗುವಾಗ, ಹೊಸೂರಿನ ಕಾರ್ಖಾನೆಗೋ ಬೆಂಗಳೂರಿಗೋ ಹೋದ ಓರಗೆಯವರು ಕೆಲಸದಲ್ಲಿ ನಾಲ್ಕು ವರ್ಷ ಮುಂದಿರುತ್ತಾರೆ. ಆತನ ಕೈಯಲ್ಲಿರುವುದು ಶಿಸ್ತು ಮತ್ತು ಆ ಹಣದ ಗಂಟು. ಗಂಟು ಬಂದ ವರ್ಷವೇ ಮನೆ ಕಟ್ಟುವುದಕ್ಕೋ ತಂಗಿಯ ಮದುವೆಗೋ ಕರಗಿದರೆ ಉಳಿಯುವುದು ಶಿಸ್ತೊಂದೇ.

ಆದುದರಿಂದ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟೆ: ಹುಡುಗನ ಹಾರೈಕೆಗೆ ಅಡ್ಡಬರಬೇಡಿ, ಆದರೆ ಆ ಹಣ ಆತನ ಓದಿಗೆ, ಕಸಬಿಗೆ ಮೀಸಲೆಂದು ಸೇರುವ ಮೊದಲೇ ಮಾತಾಗಲಿ. ಸರಕಾರಕ್ಕೂ ಒಂದು ಮಾತು: ದೇಶಾಭಿಮಾನ ಸೈನಿಕನನ್ನು ದಂಡಿಗೆ ಕರೆತರಬಲ್ಲದು, ಆತನ ಮನೆಯ ಒಲೆಯನ್ನು ಮಾತ್ರ ಸಂಬಳವೇ ಉರಿಸಬೇಕು.