ತೂತು ಎಣಿಸಿ ಮೌತ್ ಆರ್ಗನ್ ಕೊಳ್ಳಬ್ಯಾಡ್ರಿ

1/7
ರೋಣ, ನರಗುಂದ, ಗಜೇಂದ್ರಗಡದ ದೋಸ್ತರೇ, ಈ ಸರಣಿ ಜಗಳ ತೆಗ್ಯಾಕನ ಬರದದ್ದು. ಬ್ಲೂಸ್ ಕಲೀಬೇಕು ಅಂತ ಮೊಬೈಲ್‌ನಾಗ ಮೌತ್ ಆರ್ಗನ್ ಹುಡುಕ್ತೀರಿ. ಎರಡು ಕಾಣಸ್ತಾವ. ಒಂದು 24 ತೂತಿಂದು: ಉದ್ದ, ಹೊಳಪು, ಸೋವಿ. ಇನ್ನೊಂದು 10 ತೂತಿಂದು: ಗಿಡ್ಡ, ತುಟ್ಟಿ. ನಮ್ಮ ಬಿಕಾಂ ತಲಿ ಕೂಡಲೇ ಭಾಗಾಕಾರ ಮಾಡತೈತಿ: ತೂತಿಗೆ ಎಷ್ಟು ರೂಪಾಯಿ? 24 ಗೆಲ್ಲತೈತಿ, ಆರ್ಡರ್ ಬೀಳತೈತಿ.
ನನ್ನ ವಾದ ಇಷ್ಟ. ಬ್ಲೂಸ್ ನುಡಸಾಕ ಆ 24 ತೂತಿಂದು ಪುಕ್ಕಟೆ ಸಿಕ್ಕರೂ ತುಟ್ಟಿನ. ಯಾಕ ಅಂತ ಮುಂದ ಓದ್ರಿ, ಆಮ್ಯಾಲೆ ಬೈರಿ.

2/7
24 ತೂತಿನ ವಾದ್ಯಕ್ಕೆ ಟ್ರೆಮೊಲೊ ಅಂತಾರೆ. ಒಂದು ಸ್ವರಕ್ಕೆ ಎರಡು ರೀಡ್, ಒಂದಕ್ಕೊಂದು ಚೂರು ಬೇಸೂರು. ಅದರಿಂದಲೇ ಆ ನಡುಗುವ ಸಿಹಿ ದನಿ. ಹಳೆ ಸಿನಿಮಾ ಹಾಡಿಗೆ, ಭಾವಗೀತೆಗೆ ಚಲೋ. ಆದರೆ ಅದರಲ್ಲಿ ಪ್ರತಿ ರೀಡ್‌ಗೂ ಬೇರೆ ಬೇರೆ ಕೋಣೆ.
10 ತೂತಿನ ಡಯಾಟೋನಿಕ್‌ನಲ್ಲಿ ಊದುವ ರೀಡ್, ಎಳೆಯುವ ರೀಡ್ ಎರಡೂ ಒಂದೇ ಕೋಣೆಯಲ್ಲಿ ಇರುತ್ತವೆ. ಉಸಿರು ಒಳಗೆ ಎಳೆಯುತ್ತಾ ನಾಲಿಗೆ ಹಿಂದೆ ಸರಿಸಿ ಬಾಯೊಳಗಿನ ಜಾಗ ಬದಲಿಸಿದರೆ, ಎರಡೂ ರೀಡ್ ಒಂದನ್ನೊಂದು ಜಗ್ಗಿ ಸ್ವರ ಕೆಳಗೆ ಜಾರುತ್ತದೆ. ಇದಕ್ಕೆ ಬೆಂಡ್ ಅಂತಾರೆ. ಬ್ಲೂಸ್ ಅಂದ್ರ ಇದ. ಟ್ರೆಮೊಲೊದಾಗ ಇದು ಆಗಂಗಿಲ್ಲ. ನಿಮ್ಮ ಪ್ರಯತ್ನ ಕಡಿಮಿ ಅಂತ ಅಲ್ಲ, ಕೋಣೆನ ಬ್ಯಾರೆ.

3/7
ಬೆಂಡ್ ಪರದೇಶದ ಮಾತು ಅನಿಸ್ತಾ? ನಮ್ಮ ಕಡೆ ಅದಕ್ಕೆ ಮೀಂಡ್ ಅಂತಾರಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರುವುದು. 1922ರಲ್ಲಿ ಭೀಮಸೇನ ಜೋಶಿ ಹುಟ್ಟಿದ್ದು ಇದೇ ರೋಣದಾಗ. ಇಲ್ಲಿಯವರಿಗೆ ಮೀಂಡ್ ಏನು ಅಂತ ಹೇಳಿಕೊಡಬೇಕೇನು?
ನಮ್ಮ ಭಜನಿ ಮ್ಯಾಳದ ಪೇಟಿ ನೋಡ್ರಿ. ಅದೂ ರೀಡ್ ವಾದ್ಯ, ಆದರೆ ಒತ್ತಿದ ಮನೆಯ ಸ್ವರ ಅಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತ್ತು. ಅದರ ಮೇಲಿದ್ದ ದೊಡ್ಡ ತಕರಾರುಗಳಲ್ಲಿ ಇದೂ ಒಂದು. ಅಷ್ಟು ದೊಡ್ಡ ಪೇಟಿಗೆ ಆಗದ್ದು ಅಂಗೈಯಷ್ಟು ಡಯಾಟೋನಿಕ್‌ಗೆ ಆಗತೈತಿ. ಅಂಥ ಶಕ್ತಿ ಬಿಟ್ಟು ತೂತಿನ ಲೆಕ್ಕಕ್ಕ ಬಿದ್ರ ಹೆಂಗ?

4/7
ಲೆಕ್ಕ ಬೇಕಾ? ತಗೋರಿ. ಸಿ ಕೀ ಇರುವ 10 ತೂತಿನ ವಾದ್ಯ. ಬ್ಲೂಸ್‌ನವರು ಅದನ್ನು ಹೆಚ್ಚಾಗಿ ಸಿ ಶ್ರುತಿಯಲ್ಲಿ ನುಡಿಸುವುದಿಲ್ಲ. 2ನೇ ತೂತು ಎಳೆದಾಗ ಬರುವ ಜಿ ಸ್ವರವನ್ನೇ ಸಾ ಮಾಡಿಕೊಳ್ಳುತ್ತಾರೆ. ಇದಕ್ಕೆ ಕ್ರಾಸ್ ಹಾರ್ಪ್ ಅಂತ ಹೆಸರು.
2 ಎಳೆದರೆ ಸಾ. 4 ಊದಿದರೆ ಶುದ್ಧ ಮಧ್ಯಮ. 4 ಎಳೆದರೆ ಪಾ. 5 ಎಳೆದರೆ ಕೋಮಲ ನಿಷಾದ.
ಬ್ಲೂಸ್ ಸ್ಕೇಲಿಗೆ ಇನ್ನೆರಡು ಬೇಕು: ಕೋಮಲ ಗಾಂಧಾರ, ತೀವ್ರ ಮಧ್ಯಮ. ಮೊದಲನೆಯದು 3ನೇ ತೂತಿನ ಬೆಂಡ್‌ನಲ್ಲಿ, ಎರಡನೆಯದು 4ನೇ ತೂತಿನ ಬೆಂಡ್‌ನಲ್ಲಿ ಸಿಗುತ್ತದೆ. ಸಿ ಕೀ ಟ್ರೆಮೊಲೊದಲ್ಲಿ ಆ ಎರಡೂ ಇಲ್ಲವೇ ಇಲ್ಲ. ಬ್ಲೂಸಿನ ಜೀವ ಇರೋದು ಆ ಎರಡರಾಗ. 24 ತೂತು ಕೊಟ್ಟು ಜೀವ ತಗೊಂಡ ವ್ಯಾಪಾರ ಇದು.

5/7
ಈಗ ಕಾಮೆಂಟ್‌ನಾಗ ಬರೋ ಎರಡು ಮಾತು.
"ಶೋಲೆದಾಗ ಜೈ ನುಡಸ್ತಾನಲ್ಲ?" 1975ರ ಸಿನಿಮಾ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದದ್ದು, ಆ ಧುನ್ ನನಗೂ ಇಷ್ಟ. ಆದರೆ ಅದು ಬ್ಲೂಸ್ ಅಲ್ಲ. ಅದ ಬೇಕಂದ್ರ ಹಂಗ ಹೇಳ್ರಿ, ಸಲಹೆನೂ ಬ್ಯಾರೆ ಆಗತೈತಿ.
"ಕ್ರೋಮ್ಯಾಟಿಕ್‌ನಾಗ ಹನ್ನೆರಡೂ ಸ್ವರ ಅದಾವಲ್ಲ?" ಅದಾವ. ಆದರೆ ಬಟನ್ ಒತ್ತಿದರೆ ಸ್ವರ ಜಿಗಿಯುತ್ತದೆ, ಜಾರುವುದಿಲ್ಲ. ಬಾಯಿಂದ ಬಗ್ಗಿಸಿದರೂ ಡಯಾಟೋನಿಕ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ. ಲಿಟಲ್ ವಾಲ್ಟರ್ ಕ್ರೋಮ್ಯಾಟಿಕ್ ಕೂಡ ನುಡಿಸಿದವನೇ, ಆದರೆ 1952ರಲ್ಲಿ ಅವನಿಗೆ ಹೆಸರು ತಂದ 'ಜೂಕ್' 10 ತೂತಿನದರಲ್ಲಿ ನುಡಿಸಿದ್ದು. ಬೆಲೆಯಂತೂ ಹಲವು ಪಟ್ಟು. ಎರಡನೇ ವಾದ್ಯವಾಗಿ ತಗೋರಿ, ಮೊದಲನೇದಾಗಿ ಬ್ಯಾಡ.

6/7
ಹಂಗಾರ ಯಾವುದು? ಸಿ ಕೀ, 10 ತೂತು, ನಡುವಿನ ಕೋಂಬ್ ಪ್ಲಾಸ್ಟಿಕ್‌ದು, ಸ್ಕ್ರೂ ಬಿಚ್ಚಿ ತೊಳೆಯುವಂಥದ್ದು. ಹೋನರ್ ಸ್ಪೆಷಲ್ 20, ಇಲ್ಲಾ ರೀಡ್ ಪ್ಲೇಟ್ ಬದಲಿಸಲು ಬರುವ ಲೀ ಆಸ್ಕರ್. 1896ರಿಂದ ಬಂದ ಮರೀನ್ ಬ್ಯಾಂಡ್ ದೊಡ್ಡ ಹೆಸರು, ದನಿಯೂ ಖಡಕ್. ಆದರೆ ಆ ಹಳೆಯ ಮಾದರಿಯ ಕೋಂಬ್ ಪೇರ್ ಮರದ್ದು, ಉಗುಳಿನ ತೇವಕ್ಕೆ ಉಬ್ಬುತ್ತದೆ. ಮೊಳೆ ಹೊಡೆದದ್ದು, ಬಿಚ್ಚುವುದು ಕಷ್ಟ. ಕಲಿಯೋರಿಗೆ ಆ ತ್ರಾಸ ಯಾಕ?
ಏಳು ಕೀ ಇರೋ ಸೋವಿ ಸೆಟ್ಟಿಗೂ ಕೈ ಹಾಕಬ್ಯಾಡ್ರಿ. ಗಾಳಿ ಸೋರುವ ಏಳಕ್ಕಿಂತ ಬಿಗಿಯಾದ ಒಂದು ಮೇಲು. ಗಾಳಿ ಸೋರಿದರೆ ಬೆಂಡ್ ಬರುವುದಿಲ್ಲ. "ನನಗ ಸಂಗೀತ ಬರಂಗಿಲ್ಲ" ಅಂತ ನೀವು ಬಿಟ್ಟುಬಿಡ್ತೀರಿ. ಖರೇ ಲುಕ್ಸಾನು ಅಲ್ಲೈತಿ, ಬಿಲ್ಲಿನಾಗಲ್ಲ.
ಮತ್ತ, ಗಿರ್ಮಿಟ್ಟು ಮಿರ್ಚಿ ತಿಂದ ಬಾಯಿಲೆ ಊದಬ್ಯಾಡ್ರಿ. ಮೊದಲು ಬಾಯಿ ಮುಕ್ಕಳಿಸ್ರಿ.

7/7
ಕೊನೆಗೆ, "ನಮ್ಮೂರಿಗ್ಯಾಕ ಬ್ಲೂಸು?" ಅನ್ನೋರಿಗೆ. ಗುಲಾಮಗಿರಿ ಮುಗಿದ ಮೇಲೂ ಜಮೀನುದಾರನ ಲೆಕ್ಕದ ಪುಸ್ತಕದಲ್ಲಿ ಸಾಲಗಾರರಾಗಿಯೇ ಉಳಿದ, ಮಿಸಿಸಿಪ್ಪಿಯ ಹತ್ತಿ ಹೊಲದ ಕಪ್ಪು ಜನರ ನಡುವೆ ಬೆಳೆದ ಹಾಡು ಅದು. ಹತ್ತಿ ಬೆಳೆಯೋ ಎರೆ ಹೊಲದೋರು ನಾವು. 1980ರಲ್ಲಿ ನೀರಾವರಿ ಕರದ ವಿರುದ್ಧ ರೈತರು ಎದ್ದು ನಿಂತ ಊರು ನರಗುಂದ. ಸಾಲದ ಹಾಡು ನಮಗ ತಿಳೀವಲ್ದಾ?
ಬ್ಲೂಸ್ ಮೌತ್ ಆರ್ಗನ್‌ನ ಸನ್ನಿ ಟೆರಿ ಹುಡುಗನಿದ್ದಾಗಲೇ ಕಣ್ಣು ಕಳಕೊಂಡ. ಹೊಲದ ಕೆಲಸ ಆಗದೆ ವಾದ್ಯವನ್ನೇ ಅನ್ನ ಮಾಡಿಕೊಂಡ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನೇ ಅನ್ನವಾಗಿಸಿದ ವೀರೇಶ್ವರ ಪುಣ್ಯಾಶ್ರಮ ಇರೋದು ನಮ್ಮ ಗದಗದಾಗ. ಇದು ಪರದೇಶದ ಕಥಿ ಅಲ್ಲ.
ಹಂಗಂತ ಬರೇ ಅಭಿಮಾನದಿಂದ ಬೆಂಡ್ ಬರಂಗಿಲ್ಲ. ಕಾರ್ಟ್‌ನಾಗ 24 ತೂತಿಂದು ಇದ್ರ ಈಗ ತೆಗೀರಿ. ಹತ್ತು ತೂತು ಸಾಕು. 3ನೇದು ಎಳೀರಿ, ಜಾರೋತನಕ ಬಿಡಬ್ಯಾಡ್ರಿ.

#ಮೌತ್_ಆರ್ಗನ್ #ಬ್ಲೂಸ್ #ರೋಣ #ನರಗುಂದ #ಗಜೇಂದ್ರಗಡ